ಬೆಕ್ಕಿನ ಪಾಲು

ಕಂಕನಾಡಿಯ ಮದ್ದಿನಂಗಡಿ. ಬೆನೆಡಿಕ್ಟಾ ಬಾಯಿ
ಕೊಲಾಜನ್ ಡಬ್ಬಿಯನ್ನು ಟ್ಯೂಬ್‌ಲೈಟಿಗೆ ಹಿಡಿದು
ಕನ್ನಡಕ ಹಣೆಗೇರಿಸಿ ಓದಿದರು:
ಮೀನಿನ ಚರ್ಮದಿಂದ.

ಸಾವಿರದೆಂಟುನೂರು. ಇದು ಮೂರನೇ ತಿಂಗಳು.
"ಅಲ್ಲ ಮಾರಾಯ್ತಿ, ನಲವತ್ತು ವರ್ಷ
ನಂಗು ಮೀನಿನದ್ದು ಇದನ್ನೇ ಸುಲಿದು
ಬೆಕ್ಕಿಗೆ ಹಾಕಿದೆನಲ್ಲ!"
ನಕ್ಕರು. ಕಣ್ಣಂಚಿನ ಗೆರೆಗಳೆಲ್ಲ
ಯಾರೋ ಹೆಸರು ಕರೆದ ಹಾಗೆ
ಎದ್ದು ಬಂದವು.

ಗುಣ ಉಂಟಾ, ಕೇಳಿದರು.
ಕೆಲವರಿಗೆ ಚೂರು ಮೆದುವಾಗುತ್ತದಂತೆ, ಅಂದೆ.
ಬಿಸಿಲಿಗೆ ಕೊಡೆ ಹಿಡಿಯಿರಿ, ಅದು ಅಗ್ಗ
ಎಂಬ ಮಾತು ಗಂಟಲಲ್ಲೇ ಉಳಿಯಿತು,
ಧಣಿ ಕ್ಯಾಶಿನಲ್ಲಿದ್ದರು.

ಡಬ್ಬಿ ಚೀಲಕ್ಕಿಳಿಯಿತು,
ಬೆಳಗಿನ ಮೀನಿನ ಪೊಟ್ಟಣದ ಮೇಲೆ.
ಮೆಟ್ಟಿಲಿಳಿದವರು ತಿರುಗಿ ಬಂದರು, ಏನೋ ಮರೆತಂತೆ:

"ಹದಿನಾರು ವರ್ಷ ಬದುಕಿತು ಗೊತ್ತುಂಟಾ, ಆ ಬೆಕ್ಕು.
ಒಂದು ಸುಕ್ಕಿಲ್ಲ."