ಹಿಡಿಕೆ ಮನೆಯ ಕಡೆಗೆ

ಕೌಲ್ ಬಜಾರಿನ ನಮ್ಮ ಓಣಿಗೆ
ಗಾಲಿಯ ಡಬ್ಬಿಗಳು ಬಂದದ್ದು ರಂಜಾನ್ ಮುಗಿದ ವಾರ.
ಹಸಿರೊಂದು, ನೀಲಿಯೊಂದು, ಮನೆಗೆ ಎರಡರಂತೆ.
ಮುಚ್ಚಳದ ಮೇಲೆ ಅಂಟಿಸಿದ ಚೀಟಿ:
ಹಿಡಿಕೆ ಮನೆಯ ಕಡೆಗೆ, ಬಾಯಿ ರಸ್ತೆಯ ಕಡೆಗೆ,
ಗೋಡೆಯಿಂದ ಎರಡಡಿ ಬಿಟ್ಟು ನಿಲ್ಲಿಸತಕ್ಕದ್ದು.

ಅಳತೆ ನನ್ನ ಕಸುಬು. ಕೊರಳ ಟೇಪು ತೆಗೆದು ಅಳೆದೆ.
ಎರಡಡಿ ಬಿಟ್ಟರೆ ಓಣಿಯಲ್ಲಿ ಹಿಡಿಸುವುದು
ಗಾದಿಲಿಂಗನ ಆಟೋ, ಇಲ್ಲವೆ ಕಸದ ಲಾರಿ.
ಇಬ್ಬರೂ ಬೆಳಿಗ್ಗೆ ಏಳಕ್ಕೇ ಹೊರಡುವವರು.

ಎದುರು ಮನೆಯ ಈರಮ್ಮತ್ತೆ ಡಬ್ಬಿ ತೊಳೆದು
ಅರಿಶಿನ ಹಚ್ಚಿ ನೀರು ತುಂಬಿಟ್ಟಳು.
‘ನಲ್ಲಿ ಎಂಟು ದಿನಕ್ಕೊಮ್ಮೆ ಬರ್ತೈತೆ, ಕಸ ದಿನಾ ಬರ್ತೈತೆ.
ಯಾವುದನ್ನ ಜೋಪಾನ ಮಾಡ್ಬೇಕು, ನೀನೇ ಹೇಳು ಮಸ್ತಾನಪ್ಪ.’
ಮೊಮ್ಮಗ ತಿಳಿಯದೆ ಅದನ್ನೂ ಹೊರಗೆ ಉರುಳಿಸಿದ.
ಲಾರಿಯ ಕೈ ಎತ್ತಿತು, ಕೊಡವಿತು:
ಅರ್ಧ ಲಾರಿಗೆ, ಅರ್ಧ ಓಣಿಗೆ.
ಕೆಂಪು ಧೂಳು ಅವತ್ತೊಂದು ದಿನ ಸುಮ್ಮನೆ ಮಲಗಿತ್ತು.

ಆ ಕೈಗೆ ಎರಡೇ ಬೆರಳು.
ಚಾಚುತ್ತದೆ, ತಬ್ಬುತ್ತದೆ, ನೆತ್ತಿಯ ಮೇಲಕ್ಕೆ ಒಯ್ಯುತ್ತದೆ,
ನಮ್ಮ ದಾದಿ ಮೊರ ಕೊಡವಿದಂತೆ ಎರಡು ಸಲ.
ಆಮೇಲೆ ಇಳಿಸುತ್ತದೆ. ಇಪ್ಪತ್ತು ಸೆಕೆಂಡು.
ಮಕ್ಕಳು ಹಲ್ಲುಜ್ಜುವುದನ್ನು ಬಿಟ್ಟು ನೋಡುತ್ತಾರೆ.
ನಾನೂ ನೋಡುತ್ತೇನೆ, ಮಿಷನ್ನಿನ ಪೆಡಲ್ ಮೇಲೆ ಕಾಲಿಟ್ಟುಕೊಂಡೇ.
ಮಿಷನ್ನನ್ನು ಬೈಯುವ ಬಾಯಿ ನನಗಿಲ್ಲ,
ಅನ್ನ ಅದರದ್ದೇ.

ಆದರೆ ಸುಂಕಮ್ಮ ಬರುವಾಗ ಹೀಗಿರಲಿಲ್ಲ.
ಕಸಾ... ಅಂದರೆ ಆ ಕೊನೆಯ ‘ಆ’
ಮೂರು ಮನೆ ದಾಟುವವರೆಗೂ ಮುಗಿಯುತ್ತಿರಲಿಲ್ಲ.
ಯಾರಿಗೆ ಸಕ್ಕರೆ ಗುಳಿಗೆ ಶುರುವಾಗಿದೆ,
ಯಾರು ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ಹಾಕುತ್ತಾರೆ,
ಯಾರ ಸೊಸೆ ಇದ್ದಕ್ಕಿದ್ದಂತೆ ಮಾವಿನಕಾಯಿ ತಿನ್ನತೊಡಗಿದ್ದಾಳೆ,
ಎಲ್ಲ ಗೊತ್ತಿತ್ತು. ಒಂದನ್ನೂ ಆಡುತ್ತಿರಲಿಲ್ಲ.
ನನ್ನ ಬಾಬಿನ್ ಕೇಸು ಎರಡು ಸಲ ಕಸಕ್ಕೆ ಹೋಗಿ
ಅವಳ ಸೆರಗಿನಲ್ಲಿ ಒರೆಸಿಕೊಂಡು ವಾಪಸು ಬಂದಿದೆ.
ಲಾರಿಯ ಕೈ ಏನನ್ನೂ ವಾಪಸು ಕೊಡುವುದಿಲ್ಲ.

ನಾನು ಹೊಲಿಯುವುದು ಜೀನ್ಸಿನ ಜೇಬು, ದಿನಕ್ಕೆ ಅರವತ್ತು ಪ್ಯಾಂಟಿನದು.
ಉಳಿದ ನೀಲಿ ಚಿಂದಿಯನ್ನು ಬೇರೆ ಗಂಟು ಕಟ್ಟಿಡುತ್ತಿದ್ದೆ.
‘ಕೌದಿಗೆ ಆಗ್ತಾವಣ್ಣ,’ ಅನ್ನುತ್ತಿದ್ದಳು,
ಮಗಳ ಬಾಣಂತನಕ್ಕಂತೆ.
ಈಗ ಚಿಂದಿಯೆಲ್ಲ ನೀಲಿ ಡಬ್ಬಿಗೆ. ಬಣ್ಣವೇನೋ ಹೊಂದುತ್ತದೆ.

ನಾಲ್ಕನೇ ವಾರ ಯಾರದೋ ಡಬ್ಬಿ ಸೊಟ್ಟಗಿತ್ತು.
ಕೈ ಚಾಚಿತು, ಗಾಳಿಯನ್ನು ತಬ್ಬಿ ಹಿಂದೆ ಹೋಯಿತು.
ಮತ್ತೆ ಚಾಚಿತು. ಮತ್ತೆ ಗಾಳಿ.
ಡ್ರೈವರಿಗೆ ಇಳಿಯುವ ಅಪ್ಪಣೆ ಇಲ್ಲ.
ಕಿಟಕಿಯಿಂದ ತಲೆ ಹಾಕಿ ತೆಲುಗಿನಲ್ಲಿ ಕೂಗಿದ,
‘ಎವರಿದಿ ಈ ಡಬ್ಬಾ?’
ನನ್ನದೇ ಆಗಿತ್ತು. ಟೇಪು ಕೊರಳಲ್ಲೇ ಇತ್ತು.

ಹಾಗಾಗಿ ಲಾರಿಯ ಮುಂದೆ ಒಬ್ಬರು ನಡೆಯಬೇಕೆಂದಾಯಿತು,
ಡಬ್ಬಿಗಳ ಮುಖ ತಿರುಗಿಸುತ್ತ.
ಕಿತ್ತಳೆ ಜಾಕೀಟು ಹಾಕಿಕೊಂಡು ಸುಂಕಮ್ಮ ಬಂದಳು.
‘ಮುಚ್ಚಳ ತೆಗೆಯೋಹಂಗಿಲ್ಲಣ್ಣ. ತಿರುಗಿಸೋದಷ್ಟೇ.’
ಕೌದಿ ಎಲ್ಲಿಗೆ ಬಂತು ಅಂದೆ.
‘ಕಾಲ ಕಡೆ ಒಂದು ಗೇಣು ಉಳಿದೈತೆ.’
ನಿಂತು ಮಾತಾಡಲು ಅವಳಿಗೂ ಇಪ್ಪತ್ತು ಸೆಕೆಂಡೇ.

ನಿನ್ನೆ ಹಿಡಿಕೆಗೆ ಒಂದು ಗಂಟು ಕಟ್ಟಿಟ್ಟೆ,
ಚೀಟಿ ಹೇಳಿದಂತೆ ಮನೆಯ ಕಡೆಗೇ.
ಬಾಯಿ ನೆಟ್ಟಗಿದ್ದ ಡಬ್ಬಿಯನ್ನು ಅವಳು ಮುಟ್ಟದೆ ದಾಟಿದಳು.
ಗಂಟು ಮೇಲಕ್ಕೆ ಹೋಯಿತು.
ಕರೆಂಟು ತಂತಿಯ ಎತ್ತರಕ್ಕೆ, ಅದರಾಚೆ ಕೋಟೆಗುಡ್ಡ,
ಜೋಲಾಡಿತು ಎರಡು ಸಲ,
ಬೀಳದೆ ಇಳಿಯಿತು.

ಆಗ ನನ್ನ ಹೆಂಡತಿ ಶಹೀನಾ, ಬೀದಿಯಲ್ಲಿ ಎಂದೂ ದನಿ ಎತ್ತದವಳು,
ಹೊಸ್ತಿಲಿಗೆ ಬಂದು ಕೂಗಿದಳು ಸುಂಕಮ್ಮಾ... ಎಂದು.
ಕೊನೆಯ ‘ಆ’ ಗಾದಿಲಿಂಗನ ಮನೆ ದಾಟಿತು, ಈರಮ್ಮತ್ತೆಯದೂ ದಾಟಿತು.
ಕಿತ್ತಳೆ ಜಾಕೀಟು ತಿರುಗಿತು.
ನಡೆದು ಬಂದು, ಗಂಟು ಬಿಚ್ಚಲು ಬಾರದೆ,
ಹಲ್ಲಿನಿಂದ ಎಳೆಯುತ್ತಿದ್ದಳು.

ಲಾರಿ ಕಾಯುತ್ತಿತ್ತು,
ಚಾಚಿದ ಕೈ ಚಾಚಿಕೊಂಡೇ.