ಐಸ್ ಫ್ಯಾಕ್ಟರಿಗೊಂದು ಮೂಗು

ಮೊದಲ ದಿನ ಸೋಯ್ರು ತಾಂಡೇಲ ನಮ್ಮನ್ನು ನೋಡಿ ನಕ್ಕ.
ಬೈತಖೋಲಿನ ಐಸ್ ಫ್ಯಾಕ್ಟರಿಯಲ್ಲಿ ಇಪ್ಪತ್ತಾರು ವರ್ಷ,
ಕಂಪ್ರೆಸರಿನ ಪಕ್ಕ ಅದೇ ಸ್ಟೂಲು.
ಒಳಗೆ ಕಾಲಿಟ್ಟ ಕೂಡಲೇ ನಮ್ಮ ಕಣ್ಣಲ್ಲಿ ನೀರು,
ಮೋಹಿನಿ ವೇಲನ್ನು ಮೂಗಿಗೊತ್ತಿ ಹೊರಗೋಡಿದಳು.
‘ಎಂತ ನಾತ? ನಂಗೆ ಎಂತದೂ ಬರೂದಿಲ್ಲ’ ಅಂದ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ:
ಅಮೋನಿಯ. ಸೋಯ್ರು, ಐವತ್ತೊಂದು ವರ್ಷ. ಸ್ಪಂದನೆ ಸೊನ್ನೆ.

ಲ್ಯಾಬು ಕೋಡಿಬಾಗದಲ್ಲಿ.
ಕಿಟಕಿ ತೆರೆದರೆ ಕಾಳಿ ಕಡಲಿಗೆ ಸೇರುವ ಜಾಗ,
ಆದರೆ ತೆರೆಯುವಂತಿಲ್ಲ.
ಜುಲೈಯಲ್ಲಿ ಗಾಳಿಯೇ ಅರ್ಧ ನೀರು;
ತವರದ ಆಕ್ಸೈಡು ಅದನ್ನೇ ಕುಡಿದು
ಗ್ರಾಫು ರಾತ್ರಿ ಹತ್ತರ ಕುಡುಕನ ಹಾಗೆ
ಗೋಡೆ ಹಿಡಿದು ಇಳಿಯುತ್ತದೆ.
ಕುಲುಮೆ ಆರುನೂರು ಡಿಗ್ರಿ ಮುಟ್ಟುವಷ್ಟರಲ್ಲಿ ಕರೆಂಟು ಹೋಗುತ್ತದೆ.
ಮೋಹಿನಿ ಗುನಗಿಯ ಅಜ್ಜ ಮಡಕೆ ಸುಟ್ಟವನು.
ಅವಳು ಮೀಟರು ನೋಡುವುದಿಲ್ಲ,
ಬಾಗಿಲ ಸಂದಿಯ ಕೆಂಪು ನೋಡಿ ‘ಇನ್ನೂ ಹಸಿ’ ಅನ್ನುತ್ತಾಳೆ.

ಪಲ್ಲಾಡಿಯಂ ಕೊರಿಯರಿನಲ್ಲಿ ಬಂತು, ಒಂದೇ ಗ್ರಾಂ.
ಅದರ ಬಿಲ್ಲಿಗಾಗಿ ದಾಮುದಿ ಸರ್ ಆರು ಟೇಬಲ್ಲು ಸುತ್ತಿದರು.
ಹತ್ತನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೆ:
ಕ್ರಿಯಾವರ್ಧಕ ಕೆಲಸ ಮಾಡಿಸುತ್ತದೆ, ತಾನು ಬದಲಾಗುವುದಿಲ್ಲ.
ಹಾಗೇನಿಲ್ಲ.
ಗಂಧಕ ಸೋಕಿದರೆ ಅದಕ್ಕೂ ವಿಷವೇರುತ್ತದೆ,
ಕಾವಿನಲ್ಲಿ ಕಣಕ್ಕೆ ಕಣ ಅಂಟಿ ಮಂಕಾಗುತ್ತದೆ.
ಸರ್ ಕನ್ನಡಕ ಬದಲಾಯಿಸಿದ್ದು
ಈ ವರ್ಷ ಎರಡನೇ ಸಲ.

ಸೋಯ್ರುವಿಗೆ ಹೇಗೆ ವಿವರಿಸುವುದು?
ಅನ್ಸಾರ್ ಮೀನು ಪೇಟೆಯ ಲೆಕ್ಕದಲ್ಲಿ ಹೇಳಿದ:
ಗಾಳಿಯ ಆಮ್ಲಜನಕ ಈ ತುಣುಕಿನ ಮೇಲೆ ಬಂದು ಕೂತು
ಎಲೆಕ್ಟ್ರಾನು ಕೈಗಡ ತಗೊಳ್ತದೆ.
ಕೊಟ್ಟವನ ಕೈ ಖಾಲಿ, ಕರೆಂಟು ಹರಿಯೂದಿಲ್ಲ.
ಅಮೋನಿಯ ಬಂದರೆ ಸಾಲ ವಾಪಸು, ಕರೆಂಟು ಓಡ್ತದೆ, ಗಂಟೆ ಹೊಡೀತದೆ.
‘ಸಾಲ ತೀರಿದ್ದಕ್ಕೆ ಗಂಟೆ ಹೊಡಿಯೂದು’ ಸೋಯ್ರು ಅಂದ,
‘ಇಲ್ಲಿ ಇದೇ ಮೊದಲು.’

ಆಗಸ್ಟಿನಲ್ಲಿ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆವು.
ಬೆಂಕಿಪೆಟ್ಟಿಗೆಯಷ್ಟು ಮೂಗು.
ಅರಿಯಲು ಒಂಬತ್ತು ಸೆಕೆಂಡು,
ಅರಿತದ್ದನ್ನು ಮರೆತು ಮತ್ತೆ ಖಾಲಿಯಾಗಲು ನೂರಾ ನಲವತ್ತು.

ಸೆಪ್ಟೆಂಬರಿನ ಒಂದು ನಸುಕು ಅದು ಕೂಗಿತು.
ಲುಂಗಿ ಕೈಲಿ ಹಿಡಿದು ನಲವತ್ತು ಜನ ದಕ್ಕೆಗೆ ಓಡಿದರಂತೆ,
ಯಾರೋ ವಾಲ್ವು ತಿರುಗಿಸಿ ಇಡೀ ಪ್ಲಾಂಟು ನಿಲ್ಲಿಸಿದರು,
ಮೂರು ಬೋಟು ಐಸಿಲ್ಲದೆ ಲಂಗರಿನಲ್ಲೇ ಉಳಿದವು.
ನಾವು ಹೋಗಿ ನೋಡಿದರೆ
ಮಳೆಗೆ ನೆನೆಯಬಾರದೆಂದು ಶಾಣು ಬಾಯಿ
ಮೂಗಿನ ಕೆಳಗೇ ಇಟ್ಟುಹೋದ ಎರಡು ಬುಟ್ಟಿ ಸಿಗಡಿ.
‘ನಿನ್ನೆದು’ ಅಂದಳು.
ನಮ್ಮ ಗ್ರಾಫು ಮೂರು ದಿನ ಅನ್ನುತ್ತಿತ್ತು, ನಾವು ಸುಮ್ಮನಿದ್ದೆವು.
‘ನನ್ನ ಮೀನಿಗೆ ಮಿಷನ್ನು ಸಾಕ್ಷಿ ಹೇಳೂದಾ?’

ಮಾಲೀಕ ವೈರು ಕಿತ್ತ.
ಹೇಗೂ ನಿಂತಿದೆಯೆಂದು ಹಳೇ ಪೈಪುಗಳ ರಿಪೇರಿಗೆ ಕೈಹಾಕಿ
ಫ್ಯಾಕ್ಟರಿಗೆ ಬೀಗ ಹಾಕಿದ.
ಸೋಯ್ರು ಮಾಜಾಳಿಯ ತಂಗಿಯ ಮನೆಗೆ ಹೋದ.
ನಾವು ಮತ್ತೆ ಒಲೆಯ ಮುಂದೆ.
ಸುಳ್ಳು ಹೇಳಿರಲಿಲ್ಲ ಅದು; ನಾತವೊಂದು ಬಂದದ್ದು ನಿಜ,
ಯಾರದು ಎಂದು ಕೇಳಲು ಕಲಿಸಿರಲಿಲ್ಲ ನಾವು.

ಹನ್ನೆರಡನೇ ದಿನ ಬೆಳಿಗ್ಗೆ ಫೋನು.
ಕೆಮ್ಮು, ಆಮೇಲೆ ಸೋಯ್ರುವಿನ ದನಿ, ಹೆದರಿದ ಹಾಗೆ:
‘ಬಾಗಿಲು ತೆಗೆದೆ ಮಾರಾಯ್ತಿ, ಬಂತು.
ನಾತ ಬಂತು. ಕಣ್ಣು ಉರೀತದೆ.
ಇಷ್ಟು ವರ್ಷ ಇದರೊಳಗೇ ಊಟ ಮಾಡಿದ್ದೆ ನಾನು.’

ಐದು ನಿಮಿಷದಲ್ಲಿ ಮತ್ತೆ ಹೋಯಿತಂತೆ.
ವೈರು ಅವನೇ ಸಿಕ್ಕಿಸಿದ, ಮಾಲೀಕನನ್ನು ಕೇಳದೆ.

ಮೊದಲ ಪುಟಕ್ಕೆ ತಿರುಗಿ ಸೊನ್ನೆಯನ್ನು ಹೊಡೆದುಹಾಕಿದೆ.
ಪಕ್ಕದಲ್ಲಿ ಬರೆದೆ:
ಮರಳುವ ಸಮಯ, ಹನ್ನೊಂದು ದಿನ.
ಹಿಂದೆ ಮೋಹಿನಿ ಕುಲುಮೆಯ ಸಂದಿಗೆ ಬಗ್ಗಿ
‘ಇನ್ನೂ ಹಸಿ’ ಅಂದಳು.