ಹನ್ನೊಂದು ಗೇಟು

ಮೂರು ರಾತ್ರಿ ಬಂತು ಅದು.
ಸೆಕೆಂಡಿಗೊಂದು ಟಿಕ್,
ಯಾರೋ ಕದ ತಟ್ಟಿ, ಕಾದು,
ಮತ್ತೆ ತಟ್ಟಿದ ಹಾಗೆ.

ನಾಲ್ಕನೆಯ ಬೆಳಗ್ಗೆ ಲಿಂಡೆಲ್ವಾ
ಕೈಯಾಂಟೆನಾ ಹಿಡಿದು ಜೀಪು ಹತ್ತಿದಳು.
ಕರೂ ಬಯಲಿನ ಕೆಂಪು ಧೂಳು, ಕುರುಚಲು ಮುಳ್ಳು,
ಹನ್ನೊಂದು ಗೇಟು
(ಇಳಿದು ತೆಗೆ, ಹತ್ತಿ ದಾಟು, ಇಳಿದು ಮುಚ್ಚು)
ಕೊನೆಗೆ ಸಿಕ್ಕಿತು:
ಡಿರ್ಕಿ ಮುದುಕನ ಕುರಿಬೇಲಿ.
ಕರೆಂಟು ತಂತಿಗೆ ತಾಗಿದ
ಒಂದು ಹಸಿ ಹುಲ್ಲೆಸಳು.

"ನರಿ ಬಾರದಿರಲಿ ಅಂತ ಹಾಕಿದ್ದು," ಅಂದ,
ಟೋಪಿ ತೆಗೆಯದೆ.
"ನಿಮ್ಮ ಆ ಬಿಳಿ ಬೋಗುಣಿಗಳಿಗೆ
ನಕ್ಷತ್ರದ ಪಿಸುಮಾತೂ ಕೇಳುತ್ತದಂತೆ.
ನನ್ನ ಬೇಲಿಯ ಗುರುತು ಹತ್ತಲಿಕ್ಕೆ ಮೂರು ರಾತ್ರಿ ಬೇಕಾಯಿತೆ?"

ನಕ್ಕಳು, ಸ್ವಲ್ಪ ತಡವಾಗಿ.
ಯಾರಿಗೂ ಹೇಳದೆ ಅವಳು
ಒಂದು ಉತ್ತರ ಬರೆದು ಹೊಡೆದು ಹಾಕಿದ್ದಳು:
ಮೊದಲು 'ಇದ್ದೇವೆ' ಅನ್ನಬೇಕೋ
'ಯಾರು' ಅನ್ನಬೇಕೋ
ತಿಳಿಯದೆ.

ಹುಲ್ಲು ಕಿತ್ತಳು. ಟಿಕ್ ನಿಂತಿತು.
ಮುದುಕ ಕಾಫಿ ಕಾಸಿದ, ಕಲ್ಲಿನಂಥ ರಸ್ಕು ಕೊಟ್ಟ.
"ಅಲ್ಲಿರುವವರಿಗೂ ಕುರಿಯಿದ್ದರೆ
ಬೇಲಿ ಇದ್ದೇ ಇರುತ್ತದೆ, ತಾಯಿ. ಹುಲ್ಲೂ."

ವಾಪಸು ಹನ್ನೊಂದು ಗೇಟು.
ಏಳನೆಯದರ ಹತ್ತಿರ ಎಂಜಿನ್ ಆರಿಸಿ
ಸುಮ್ಮನೆ ಸ್ವಲ್ಪ ಹೊತ್ತು ಕೂತಳು.